ಎರಡನೇ ಟೇಕಿನ ಗುಂಡು

ಎಲ್ಲದಕ್ಕೂ ಮೂಲ ಒಂದು ನೊಣ. ಅದು ಅಭಿಲಾಷನ ಮೂಗು ಬಿಟ್ಟು ಬೇರೆ ಎಲ್ಲಿ ಕೂತಿದ್ದರೂ ಅವನ ತಾತ ಬೆಳ್ಳಿಯಪ್ಪ ಆ ದಿನ ಸಾಯುವ ಅಗತ್ಯವೇ ಇರಲಿಲ್ಲ.

ಅಭಿಲಾಷನ ಕೆಲಸ ಏನು ಎಂದು ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅವನನ್ನೇ ಕೇಳಿದರೆ ‘ಇನ್‌ಫ್ಲುಯೆನ್ಸರ್’ ಎನ್ನುತ್ತಿದ್ದ. ಅಜ್ಜಿ ಚೋಮಿ ‘ಫೋನಲ್ಲಿ ಎಂತದೋ ಮಾಡ್ತಾನೆ, ಪಾಪ, ಭಾನುವಾರ ಸಹ ರಜೆ ಇಲ್ಲ’ ಎನ್ನುತ್ತಿದ್ದರು. ತಾತ ಬೆಳ್ಳಿಯಪ್ಪ ಮಾತ್ರ ಮುಚ್ಚುಮರೆ ಇಲ್ಲದ ಮನುಷ್ಯ. ‘ಒಬ್ಬನೇ ನಿಂತ್ಕೊಳ್ತಾನೆ, ಒಬ್ಬನೇ ಮಾತಾಡ್ತಾನೆ, ಒಬ್ಬನೇ ನಗಾಡ್ತಾನೆ. ನಮ್ಮ ಕಾಲದಲ್ಲಿ ಇಂಥವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು’ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತಿದ್ದರು.

ಕೆಲಸವೇನೂ ಹಗುರದ್ದಲ್ಲ ಮಾರಾಯರೆ. ಮಂಜನ್ನು ಫೋನಿನಲ್ಲಿ ಹಿಡಿಯಲು ನಸುಕಿಗೇ ಏಳಬೇಕು, ಎದ್ದ ದಿನ ಮಂಜು ಇರುವುದಿಲ್ಲ. ಆನೆ ಹಿಡಿಯಲು ಹೋದರೆ ಆನೆಯೇ ಇವನನ್ನು ಹಿಡಿಯಲು ಬರುತ್ತದೆ. ಹೋಂಸ್ಟೇಯವರು ‘ಚೆನ್ನಾಗಿ ಒಂದು ರೀಲ್ ಮಾಡಿಕೊಡಿ’ ಎಂದು ಕರೆದು, ಕೊನೆಗೆ ಕೂಲಿ ಎಂದು ಕಡಂಬುಟ್ಟು, ಪಂದಿಕರಿ ಬಡಿಸಿ ಕೈ ತೊಳೆಸಿ ಕಳಿಸುತ್ತಾರೆ. ಪೊನ್ನಂಪೇಟೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದವನು ‘ತಾತನ ಮನೆ ಜಗಲಿ ವಿಡಿಯೋಗೆ ಚೆನ್ನಾಗಿ ಕಾಣ್ತದೆ’ ಎಂದು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಅವನ ಹೊಟ್ಟೆ ಬೆಳೆದಷ್ಟು ಅವನ ಪೇಜು ಬೆಳೆದಿರಲಿಲ್ಲ.

ಕೊನೆಗೊಂದು ದಿನ ಅದೃಷ್ಟ ಕಣ್ಣು ಬಿಟ್ಟಿತು. ‘ಗುಡ್ಡದೊಡೆಯ ಫಿಲ್ಟರ್ ಕಾಫಿ’ ಎಂಬ ಬೆಂಗಳೂರಿನ ಕಂಪನಿಯವರು ವರ್ಷವಿಡೀ ತಮ್ಮ ಪುಡಿಯ ಜಾಹೀರಾತಿಗೆ ಕೊಡಗಿನ ಒಂದು ಮುಖ ಹುಡುಕುತ್ತಿದ್ದರು. ಅಭಿಲಾಷನಿಗೆ ಒಂದು ಪೊಟ್ಟಣ ಕಳಿಸಿ, ಇದರ ಮೇಲೆ ಒಂದು ರೀಲ್ ಮಾಡಿ ಹಾಕಿ, ಅದು ಹೇಗೆ ಓಡುತ್ತದೆಂದು ನೋಡಿ ಶನಿವಾರ ಸಂಜೆಯೊಳಗೆ ತೀರ್ಮಾನ ಹೇಳುತ್ತೇವೆ ಎಂದಿದ್ದರು. ಆ ಶನಿವಾರವೇ ಇವತ್ತು.

ಇತ್ತ ತಾತನ ಸಹನೆಯೂ ಮುಗಿದಿತ್ತು. ಬೆಳಗ್ಗೆ ಹೊರಡುವಾಗ ಅವರು ಕೊಡೆ ತೋರಿಸಿ ಹೇಳಿದ್ದರು, “ನೋಡು ಅಭಿ, ನಾನೀಗ ಸಿದ್ದಾಪುರಕ್ಕೆ ಹೋಗ್ತೇನೆ. ಅಲ್ಲಿ ನನಗೆ ಪರಿಚಯದ ಎಸ್ಟೇಟಲ್ಲಿ ರೈಟರ್ ಕೆಲಸ ಖಾಲಿ ಉಂಟು. ಮಾತಾಡಿ ಬರ್ತೇನೆ. ನಿನ್ನ ಕಾಫಿಯವರು ಇವತ್ತು ಹ್ಞೂಂ ಅಂದ್ರೆ ಸರಿ, ನೀನು ಫೋನ್ ಹಿಡ್ಕೊಂಡೇ ಇರು, ನಾನು ಬಾಯಿ ಬಿಡಲ್ಲ. ಇಲ್ಲದಿದ್ರೆ ಸೋಮವಾರದಿಂದ ಎಸ್ಟೇಟಿಗೆ.”

ರೈಟರ್ ಎಂದರೆ ಬೆಳಗಾಗುವ ಮೊದಲೇ ಲೈನ್‌ಮನೆಗಳ ಮುಂದೆ ನಿಂತು ಕೂಲಿಯವರ ಹಾಜರಿ ಕೂಗುವುದು, ಸಂಜೆ ಕಾಫಿ ಹಣ್ಣಿನ ಚೀಲ ತೂಗಿಸುವುದು. ಆ ಕೆಲಸದ ಹೆಸರೆತ್ತಿದರೆ ಅಭಿಲಾಷ್ ಜಗಲಿಯಿಂದ ಎದ್ದು ಹೋಗುತ್ತಿದ್ದ. ಆ ಎಸ್ಟೇಟಿನಲ್ಲಿ ನೆಟ್‌ವರ್ಕ್ ಬೇರೆ ಇರಲಿಲ್ಲ.

ಅಜ್ಜಿ ಆಗಲೇ ಸಂಘದ ಸಭೆಗೆ ಹೋಗಿದ್ದರು. ತಾತನ ಬಸ್ಸು ತಿರುವು ದಾಟಿದ್ದೇ ತಡ, ಅಭಿಲಾಷ್ ಗೋಡೆಯ ಮೇಲಿದ್ದ ತಾತನ ಕೋವಿ ಇಳಿಸಿದ. ಕೊಡವರ ಹಬ್ಬದ ಉಡುಗೆ ಕುಪ್ಯಚೇಲೆ ತೊಟ್ಟು, ಸೊಂಟದ ಕೆಂಪು ಚೇಲೆಗೆ ಪೀಚೆಕತ್ತಿ ಸಿಕ್ಕಿಸಿಕೊಂಡ. ಚಿಕ್ಕಪ್ಪನ ಮಗಳು ಶೋಭಿತಾ ಕಾಲೇಜಿಗೆ ರಜೆಯೆಂದು ಇಲ್ಲಿಗೆ ಬಂದಿದ್ದಳು. ಜಗಲಿಗೆ ಬಿಸಿಲು ಸರಿಯಾಗಿ ಬೀಳಲು ಮಧ್ಯಾಹ್ನವಾಯಿತು. ಆಗ ಅವಳ ಕೈಗೆ ಫೋನ್ ಕೊಟ್ಟು ದೃಶ್ಯ ವಿವರಿಸಿದ. ತಾನು ಆಕಾಶಕ್ಕೆ ಒಂದು ಗುಂಡು ಹಾರಿಸುವುದು, ಹೊಗೆಯ ನಡುವೆ ನಿಧಾನ ತಿರುಗುವುದು, ಜಗಲಿಯ ಕಟ್ಟೆಯ ಮೇಲಿನ ಕಪ್ ಎತ್ತಿ ಒಂದು ಗುಟುಕು ಹೀರಿ, ‘ಗುಡ್ಡದೊಡೆಯ! ಒಂದೇ ಗುಟುಕು, ನೇರ ಎದೆಗೆ!’ ಎನ್ನುವುದು.

“ಪಟಾಕಿ ಸಾಕಲ್ವಾ ಅಣ್ಣ?” ಎಂದಳು ಶೋಭಿತಾ.

“ಪಟಾಕಿಯಲ್ಲಿ ಗತ್ತು ಬರಲ್ಲ.”

ಢಮಾರ್ ಎಂದಿತು ಕೋವಿ. ಮರದ ಮೇಲಿನ ಮಂಗಗಳು ಚೀರಿ ಓಡಿದವು. ಅಭಿಲಾಷ್ ತಿರುಗಿದ, ಕಪ್ ಎತ್ತಿದ, ‘ಗುಡ್ಡದೊಡೆ’ ಎನ್ನುವಷ್ಟರಲ್ಲಿ ಎಲ್ಲಿಂದಲೋ ಬಂದ ಆ ನೊಣ ಅವನ ಮೂಗಿನ ತುದಿಯಲ್ಲಿ ಕೂತಿತು. ‘ಯ’ ಎನ್ನುವ ಬದಲು ಅವನು ಸೀನಿದ. ಕಾಫಿ ಅರ್ಧ ಮುಖಕ್ಕೆ, ಅರ್ಧ ಚೇಲೆಗೆ. ಶೋಭಿತಾ ನಕ್ಕು ನಕ್ಕು ಫೋನನ್ನೇ ಕೆಳಗೆ ಹಾಕಿದಳು.

“ಇನ್ನೊಂದ್ಸಲ” ಎಂದು ಹಲ್ಲು ಕಚ್ಚಿ ಅಭಿಲಾಷ್ ಇನ್ನೊಂದು ತೋಟಾ ತುಂಬಿದ. ಎರಡನೇ ಟೇಕು ಏನು ಬಂತೆನ್ನುತ್ತೀರಿ! ಹೊಗೆ ಬೇಕಾದ ಕಡೆಗೇ ಹೋಯಿತು, ಬಿಸಿಲು ಬೇಕಾದ ಕಡೆಯಿಂದಲೇ ಬಂತು, ನೊಣ ಬರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ರೀಲ್ ಹಾಕಿಯೇಬಿಟ್ಟ.

ಈಗ ನಮ್ಮ ಕಡೆಯ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿ ಕೋವಿ ಬರೀ ಕೋವಿಯಲ್ಲ, ಊರಿಗೆ ಸುದ್ದಿ ಹೇಳುವ ಬಾಯಿಯೂ ಅದೇ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು. ಜೋಡಿ ಗುಂಡು ಕೇಳಿದರೆ ಯಾರೂ ಕರೆಯಲು ಕಾಯುವುದಿಲ್ಲ. ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಆ ಮನೆಗೆ ಹೊರಡುವುದೇ. ಇದು ಅಭಿಲಾಷನಿಗೆ ಗೊತ್ತಿಲ್ಲದ್ದಲ್ಲ. ಆದರೆ ಕ್ಯಾಮೆರಾ ಮುಂದೆ ನಿಂತಾಗ ಅವನಿಗೆ ತನ್ನ ಹೆಸರೂ ನೆನಪಿರುತ್ತಿರಲಿಲ್ಲ.

ಅದೂ ಕಾಫಿ ಕೊಯ್ಲಿನ ಸಮಯ. ಸುತ್ತಲಿನ ತೋಟಗಳಲ್ಲೆಲ್ಲ ಜನ. ಮೊದಲ ಗುಂಡಿಗೆ ಎಲ್ಲರ ಕೈ ನಿಂತಿತು. ‘ಯಾರ ಮನೆಯಲ್ಲಿ ಗಂಡು?’ ಎಂದು ಲೆಕ್ಕ ಹಾಕುವಷ್ಟರಲ್ಲಿ ಎರಡನೆಯದೂ ಕೇಳಿಸಿತು. ‘ಅಯ್ಯೋ, ಬೆಳ್ಳಿಯಪ್ಪನ ಮನೆ!’ ಎಂದರು ಎಲ್ಲರೂ.

ಮೊದಲು ಓಡಿ ಬಂದವರು ಕೆಳಗಿನ ಮನೆಯ ಗಂಗಮ್ಮ. ತಲೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು, ಸೊಂಟದಲ್ಲಿ ಹಣ್ಣಿನ ಚೀಲವೂ ಹಾಗೇ ಇತ್ತು. ಅಭಿಲಾಷ್ ಫೋನಿನಿಂದ ತಲೆ ಎತ್ತಲಿಲ್ಲ.

“ಯಾವಾಗ ಆಯ್ತು ಮೋನೆ?” ಎಂದರು ಗಂಗಮ್ಮ.

“ಈಗಷ್ಟೇ ಆಂಟಿ.” ರೀಲ್ ಹಾಕಿದ್ದು ಇವರಿಗೆ ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅವನಿಗೆ ಒಳಗೊಳಗೇ ಹಿಗ್ಗು.

“ಹೇಗಾಯ್ತು?”

“ತುಂಬ ಚೆನ್ನಾಗಾಯ್ತು ಆಂಟಿ! ಮೊದಲನೇ ಸಲ ಆಗ್ಲಿಲ್ಲ. ಎರಡನೇ ಸಲಕ್ಕೆ ಸಲೀಸಾಗಿ ಆಗೋಯ್ತು.”

ಗಂಗಮ್ಮ ಗೋಡೆ ಹಿಡಿದುಕೊಂಡರು. “ತಾತ ಎಲ್ಲಿ ಈಗ?”

“ಸಿದ್ದಾಪುರದಲ್ಲಿ. ಸಾಯಂಕಾಲ ಬರ್ತಾರೆ.”

“ಸಾಯಂಕಾಲ ತರ್ತಾರಾ! ಆಸ್ಪತ್ರೆಯಲ್ಲೇ ಹೋಗ್ಬಿಟ್ರಾ ಬೆಳ್ಳಿಯಪ್ಪಣ್ಣ!” ಎಂದು ಗಂಗಮ್ಮ ಕಟ್ಟೆಯ ಮೇಲೆ ಕುಸಿದು ದೊಡ್ಡ ದನಿಯಲ್ಲಿ ಅತ್ತರು.

ಆಗ ಅಭಿಲಾಷನಿಗೆ ಹೊಳೆಯಿತು. ಎರಡು. ತಾನು ಹಾರಿಸಿದ್ದು ಎರಡು! ತಲೆ ಎತ್ತಿ ನೋಡಿದರೆ ತೋಟದ ದಾರಿಯಲ್ಲಿ ಜನ ಸಾಲುಗಟ್ಟಿ ಬರುತ್ತಿದ್ದಾರೆ. ಕೊಯ್ಲು ಬಿಟ್ಟು ಬಂದವರು, ಒಣಗಲು ಹರಡಿದ ಕಾಫಿ ಹಾಗೇ ಬಿಟ್ಟು ಬಂದವರು, ಊಟ ಅರ್ಧಕ್ಕೆ ಬಿಟ್ಟು ಕೈ ಒರೆಸಿಕೊಳ್ಳುತ್ತಾ ಬಂದವರು. ಕೊಯ್ಲಿನ ಕಾಲದಲ್ಲಿ ಆಳು ಸಿಗುವುದೇ ಕಷ್ಟ. ಇಷ್ಟೂ ಜನರ ಅರ್ಧ ದಿನ ಕೆಲಸ ಹಾಳು ಮಾಡಿದ್ದು ಒಂದು ಕಪ್ ಕಾಫಿಯ ವಿಡಿಯೋಗೆ ಎಂದರೆ ತನ್ನನ್ನು ಉಳಿಸುತ್ತಾರೆಯೇ?

ಹಾಗೆಂದು ಅವನು ಹೇಳಲು ನೋಡದೆ ಇರಲಿಲ್ಲ. “ಅಂಕಲ್, ಅದು ನಾನು ರೀಲ್ಸ್‌ಗೋಸ್ಕರ” ಎಂದು ಶುರು ಮಾಡಿದ. ಕೇಳುವವರು ಯಾರು? ಊರಿನ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸಿದ್ಧಾರ್ಥ ಅವನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದ.

“ಪಾಪ, ದುಃಖ ತಲೆಗೇರಿದೆ. ನೀರು ಕೊಡಿ ಯಾರಾದ್ರೂ. ಅಭಿ, ನೀನು ಏನೂ ಮಾತಾಡ್ಬೇಡ. ಎಲ್ಲ ನಾನು ನೋಡ್ಕೊಳ್ತೇನೆ.”

ಸಿದ್ಧಾರ್ಥ ನೋಡಿಕೊಂಡದ್ದು ಏನೆಂದರೆ, ಅಭಿಲಾಷನ ಪೇಜಿನಿಂದಲೇ ತಾತನ ಒಂದು ಚಂದದ ಫೋಟೋ ತೆಗೆದು, ಸುತ್ತ ಹೂವಿನ ಚೌಕಟ್ಟು ಹಾಕಿ, ‘ಹಿರಿಯ ಬೆಳೆಗಾರರಾದ ಬೆಳ್ಳಿಯಪ್ಪನವರು ನಮ್ಮನ್ನಗಲಿದ್ದಾರೆ’ ಎಂದು ಬರೆದು ಕಂಡಕಂಡ ಗ್ರೂಪಿಗೆಲ್ಲ ಕಳಿಸಿದ. ಭಾಗಮಂಡಲದಿಂದ ಕುಶಾಲನಗರದವರೆಗೆ ಸುದ್ದಿ ಹೋಯಿತು. ಅಭಿಲಾಷ್ ಗಾಬರಿಯಿಂದ ತಾತನ ಫೋನಿಗೆ ರಿಂಗ್ ಮಾಡಿದ. ಅದು ಒಳಗೆ ದೇವರ ಫೋಟೋದ ಹಿಂದೆ ಹಾಡಿತು. ಹಾಡು ಕೇಳಿ ಗಂಗಮ್ಮ ಇನ್ನಷ್ಟು ಅತ್ತರು.

ಶೋಭಿತಾ ಅವನನ್ನು ಹಿತ್ತಿಲಿಗೆ ಎಳೆದೊಯ್ದಳು. “ಅಣ್ಣ, ಒಂದು ಐಡಿಯಾ ಉಂಟು. ಎರಡಾದ್ರೆ ಸಾವು. ಮೂರಾದ್ರೆ ಎಂತದೂ ಅಲ್ಲ, ಅಲ್ವಾ? ಇನ್ನೊಂದು ಹೊಡಿ. ಎಲ್ಲ ಕ್ಯಾನ್ಸಲ್.”

ಬೇರೆ ದಿನವಾಗಿದ್ದರೆ ಅಭಿಲಾಷ್ ಅವಳಿಗೆ ಬೈಯುತ್ತಿದ್ದ. ಇವತ್ತು ಅವನಿಗೆ ಅದು ಭಾರಿ ಬುದ್ಧಿವಂತಿಕೆಯಾಗಿ ಕಂಡಿತು. ದನದ ಹಟ್ಟಿಯ ಹಿಂದೆ ನಿಂತು ಮೂರನೆಯದನ್ನೂ ಹಾರಿಸಿಬಿಟ್ಟ. ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ದೊಡ್ಡ ಮನುಷ್ಯ ಅಲ್ವಾ, ಒಂದು ಹೆಚ್ಚು ಹೊಡೆದಿರಬೇಕು” ಎಂದು ಸಮಾಧಾನಪಟ್ಟುಕೊಂಡರು.

ಆದರೆ ಹೊಳೆಯಾಚೆ ಮಹಿಳಾ ಸಂಘದ ಸಭೆ ನಡೆಯುತ್ತಿತ್ತು. ಮೊದಲೆರಡು ಗುಂಡು ಹಾರಿದಾಗ ಅಲ್ಲಿ ಅಧ್ಯಕ್ಷೆ ಶಾಂಭವಿ ಮೈಕಿನಲ್ಲಿ ಭಾಷಣ ಮಾಡುತ್ತಿದ್ದರು, ಏನೂ ಕೇಳಿಸಿರಲಿಲ್ಲ. ಭಾಷಣ ಮುಗಿದು ಕಾಫಿ ಕೊಡುವ ಹೊತ್ತಿಗೆ ಸರಿಯಾಗಿ ಮೂರನೆಯದು ಕೇಳಿಸಿತು. ಒಂದೇ ಒಂದು. ಅದೂ ಸಭೆಯಲ್ಲೇ ಕೂತಿದ್ದ ಚೋಮಿ ಅಜ್ಜಿಯ ಮನೆಯಿಂದ.

ಸ್ವಲ್ಪ ಹೊತ್ತಿಗೆ ಅಂಗಳದ ಮುಂದೆ ಜೀಪು ನಿಂತು, ಹೆಂಗಸರು ಸಕ್ಕರೆ ಪೊಟ್ಟಣ ಹಿಡಿದು ನಗುನಗುತ್ತಾ ಇಳಿದರು. ಎಲ್ಲರ ಮುಂದೆ ಚೋಮಿ ಅಜ್ಜಿ, ಮುಖ ಕೆಂಪಗೆ.

“ಅಭೀ! ಬಾ ಇಲ್ಲಿ! ಗಂಡು ಮಗು ಯಾರು ಹೆತ್ತದ್ದು ಅಂತ ಇವರೆಲ್ಲ ನನ್ನನ್ನ ಕೇಳ್ತಾರಲ್ಲೋ! ಈ ಮನೆಯಲ್ಲಿ ಹೆಂಗಸು ಅಂತ ಇರೋದು ನಾನೊಬ್ಬಳೇ! ಎಪ್ಪತ್ತು ದಾಟಿದ ಮೇಲೆ ನನಗೆ ಇಂಥ ಮರ್ಯಾದೆಯಾ?”

ಶಾಂಭವಿ ಸಕ್ಕರೆ ಹಂಚಲು ಶುರು ಮಾಡಿದ್ದರು. ಅಳುತ್ತಿದ್ದ ಗಂಗಮ್ಮನ ಬಾಯಿಗೂ ಒಂದು ಚಿಟಿಕೆ ಹಾಕಿಬಿಟ್ಟರು. ಗಂಗಮ್ಮ ಅಳುವುದೋ ಚಪ್ಪರಿಸುವುದೋ ತಿಳಿಯದೆ ಎರಡನ್ನೂ ಮಾಡಿದರು. ಚೋಮಿ ಅಜ್ಜಿಗೆ ಅಂಗಳದ ತುಂಬ ಬಾಡಿದ ಮುಖಗಳು ಕಂಡದ್ದು ಆಗಲೇ. “ಯಾರು ಸತ್ತದ್ದು?” ಎಂದು ಕೇಳಿದರು.

ಅದಕ್ಕೆ ಉತ್ತರ ಬಂದದ್ದು ಅಪ್ಪಯ್ಯನಿಂದ. ಅಪ್ಪಯ್ಯ ಪಕ್ಕದ ತೋಟದವರು. ಬೇಲಿಯ ಮೇಲಿದ್ದ ಒಂದು ಹಲಸಿನ ಮರ ಯಾರದ್ದು ಎಂಬ ಜಗಳದಲ್ಲಿ ಅವರೂ ಬೆಳ್ಳಿಯಪ್ಪನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗ ಅವರು ಕಟ್ಟೆ ಹತ್ತಿ ನಿಂತು ಟೋಪಿ ತೆಗೆದರು. ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿತ್ತು.

“ಒಂದು ಮಾತು ಹೇಳ್ತೇನೆ. ಬೆಳ್ಳಿಯಪ್ಪನಂಥ ಮನುಷ್ಯ ಇನ್ನು ಹುಟ್ಟಲ್ಲ. ನಾನು ಸುಮ್ಮನೆ ಹಟ ಮಾಡಿದೆ. ಆ ಮರ ಅವನದ್ದೇ. ಬದುಕಿರುವಾಗ ‘ತಗೋ ಮಾರಾಯ’ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಈಗ ಅವನು ಬಂದು ಕೇಳಿದ್ರೆ ಮರ ಏನು, ಬೇಲಿಯನ್ನೇ ಕಿತ್ತು ಕೊಡ್ತೇನೆ!”

ಅಷ್ಟು ಹೊತ್ತಿಗೆ ಇನ್ನೊಂದು ಜೀಪು ಬಂದು ನಿಂತಿದ್ದು ಯಾರ ಗಮನಕ್ಕೂ ಬರಲಿಲ್ಲ. ಅದರಿಂದ ಕೊಡೆ ಬಿಟ್ಟು, ಚಪ್ಪಲಿ ಬಿಟ್ಟು, ಇಳಿವಯಸ್ಸಿನ ಒಬ್ಬರು ಓಡಿ ಬಂದರು. ಬೆಳ್ಳಿಯಪ್ಪ. ಸಿದ್ದಾಪುರದ ಅಂಗಡಿಯಲ್ಲಿ ಯಾರೋ ‘ನಿಮ್ಮ ಮನೆ ಕಡೆ ಜೋಡಿ ಗುಂಡು ಕೇಳಿತಂತೆ’ ಎಂದಿದ್ದರು. ಮನೆಯಲ್ಲಿ ವಯಸ್ಸಾದವಳು ಎಂದರೆ ಚೋಮಿ ಒಬ್ಬಳೇ. ಎಸ್ಟೇಟಿನ ಮಾತು ಅರ್ಧಕ್ಕೇ ಬಿಟ್ಟು ಸಿಕ್ಕಿದ ಜೀಪು ಹತ್ತಿದ್ದರು. ದಾರಿಯುದ್ದಕ್ಕೂ ಅತ್ತಿದ್ದರು.

“ಚೋಮೀ! ಬೆಳಗ್ಗೆ ರೊಟ್ಟಿ ಗಟ್ಟಿಯಾಗಿದೆ ಅಂತ ನಾನು ಬೈದದ್ದೇ ಕೊನೆ ಮಾತಾಯ್ತಲ್ಲೇ!” ಎಂದು ಜನರನ್ನು ಸರಿಸಿ ಒಳಗೆ ನುಗ್ಗಿದವರು, ಎದುರಿಗೇ ನಿಂತ ಹೆಂಡತಿಗೆ ಡಿಕ್ಕಿ ಹೊಡೆದರು.

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು.

“ನೀನು ಹೋಗ್ಲಿಲ್ವಾ?” ಎಂದರು ತಾತ.

“ನಾನೆಲ್ಲಿಗೆ ಹೋಗೋದು? ನಿಮಗೆ ಅಷ್ಟು ಅವಸರವಾ?” ಎಂದರು ಅಜ್ಜಿ. ಬೈಯುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಗಂಡ ತನಗಾಗಿ ಅತ್ತದ್ದನ್ನು ಅವರು ನೋಡಿರಲಿಲ್ಲ, ಅವರಿಗೆ ತುಂಬ ಸಂತೋಷವಾಗಿತ್ತು.

ಅಂಗಳದಲ್ಲಿ ಹೆದರಿ ಕೂಗಿದವರು ಕೆಲವರು, ಕೈ ಮುಗಿದವರು ಕೆಲವರು. ಅಪ್ಪಯ್ಯ ಮಾತ್ರ ಕಟ್ಟೆಯಿಂದ ಮೆಲ್ಲಗೆ ಇಳಿದು ಗೇಟಿನ ಕಡೆ ಹೆಜ್ಜೆ ಹಾಕಿದರು.

“ನಿಲ್ಲು ಅಪ್ಪಯ್ಯ. ಜೀಪಿಂದ ಇಳಿಯುವಾಗ ನಿನ್ನ ಕೊನೆ ಮಾತು ನನಗೆ ಕೇಳಿಸಿತು. ಯಾವ ಮರ ಅಂತ ಹೇಳಿದ್ದು?” ಎಂದರು ತಾತ.

“ಅದು ಸತ್ತವರಿಗೆ ಹೇಳಿದ್ದು. ಬದುಕಿದ್ದವರಿಗೆ ಲೆಕ್ಕ ಇಲ್ಲ” ಎಂದರು ಅಪ್ಪಯ್ಯ.

ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲವೆಂದು ಅಭಿಲಾಷ್ ಎಲ್ಲ ಒಪ್ಪಿಕೊಂಡ. ನೊಣದಿಂದ ಹಿಡಿದು ಮೂರನೇ ಗುಂಡಿನವರೆಗೆ. ಊರವರು ಅವನನ್ನು ಬೈದ ಬೈಗುಳದಲ್ಲಿ ಕನ್ನಡ ಇತ್ತು, ಕೊಡವ ತಕ್ಕ್ ಇತ್ತು, ಮಲಯಾಳ ಇತ್ತು, ಕೊಯ್ಲಿನವರು ತಮಿಳಿನಲ್ಲೂ ನಾಲ್ಕು ಸೇರಿಸಿದರು. ಗಂಗಮ್ಮ “ನನ್ನ ಕಣ್ಣೀರು ವಾಪಸ್ ಕೊಡು” ಎಂದರು. ತಾತ ಗೋಡೆಯ ಮೇಲೆ ಕೋವಿ ಇದ್ದ ಜಾಗ ನೋಡಿದರು, ಮೊಮ್ಮಗನನ್ನು ನೋಡಿದರು, ಉಳಿದ ತೋಟಾಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡರು.

ಆಗ ಅಭಿಲಾಷನ ಫೋನ್ ಹೊಡೆದುಕೊಂಡಿತು. ಕಾಫಿ ಕಂಪನಿಯ ಹರ್ಷಿತಾ.

“ಏನ್ರೀ ಇದು ಅಭಿಲಾಷ್? ನಿಮ್ಮ ರೀಲ್ ನೋಡಿದ್ರಾ? ಕೆಳಗೆ ಪೂರ್ತಿ ‘ಓಂ ಶಾಂತಿ’! ತಾತ ತೀರ್ಕೊಂಡ ದಿನ ನಗ್ತಾ ಕಾಫಿ ಕುಡೀತಾನೆ, ನಾಚಿಕೆ ಇಲ್ವಾ ಅಂತ ಜನ ಉಗೀತಿದ್ದಾರೆ. ನಿಮಗಲ್ಲ, ನಮ್ಮ ಬ್ರ್ಯಾಂಡಿಗೆ!”

“ಮೇಡಂ, ತಾತ ಬದುಕಿದ್ದಾರೆ ಮೇಡಂ! ಎದುರಿಗೇ ಕೂತಿದ್ದಾರೆ!”

ಹರ್ಷಿತಾಳ ದನಿಯೇ ಬದಲಾಯಿತು. “ನಿಜವಾಗ್ಲೂ? ಹಾಗಾದ್ರೆ ಇದು ಬಂಗಾರ ಕಣ್ರೀ! ಈಗಲೇ ಲೈವ್ ಹೋಗಿ. ತಾತ ನಮ್ಮ ಕಾಫಿ ಕುಡೀಬೇಕು, ‘ನಾನು ಗಟ್ಟಿಮುಟ್ಟಾಗಿದ್ದೇನೆ’ ಅನ್ಬೇಕು. ನಾವು ಕಳಿಸಿದ ಪೊಟ್ಟಣ ಎದುರಿಗೇ ಇರ್ಲಿ. ಇಡೀ ಕೊಡಗು ನೋಡತ್ತೆ. ಆರು ಗಂಟೆಯೊಳಗೆ ಆದ್ರೆ ವರ್ಷದ ಕಾಂಟ್ರ್ಯಾಕ್ಟ್ ನಿಮ್ಮದು. ಮೇಲ್ ರೆಡಿ ಇದೆ, ಕಳಿಸೋದೊಂದೇ ಬಾಕಿ.”

ಅಭಿಲಾಷನಿಗೆ ಹೋದ ಜೀವ ಬಂದಂತಾಯಿತು. ತಾತನ ಕಾಲ ಬಳಿ ಕೂತು ಬೇಡಿಕೊಂಡ. ತಾತ ಕನ್ನಡಕ ಹಾಕಿಕೊಂಡು ಸಿದ್ಧಾರ್ಥನ ಫೋನಿನಲ್ಲಿ ಮುಳುಗಿದ್ದರು. ತಮ್ಮ ಸಾವಿನ ಸುದ್ದಿಯ ಕೆಳಗೆ ಜನ ಬರೆದದ್ದನ್ನು ಓದುತ್ತಿದ್ದರು.

“ಇದು ನೋಡು ಚೋಮಿ. ‘ಅಜಾತಶತ್ರು’ ಅಂತ ಬರೆದಿದ್ದಾನೆ, ಸೊಸೈಟಿಯವನು. ಎದುರಿಗೆ ಸಿಕ್ಕಿದ್ರೆ ತಲೆ ಸಹ ಎತ್ತಲ್ಲ. ‘ಕೊಡಗಿನ ಕಾಫಿಗೆ ತುಂಬಲಾರದ ನಷ್ಟ’ವಂತೆ. ಚೆನ್ನಾಗಿ ಬರೀತಾರೆ ಮಾರಾಯ ಜನ!”

“ತಾತ, ಒಂದೇ ನಿಮಿಷ. ಬದುಕಿದ್ದೇನೆ ಅಂತ ಹೇಳಿ ಸಾಕು.”

“ಸುಮ್ಮನಿರು. ಈಗ ಬದುಕಿದ್ದೇನೆ ಅಂದ್ರೆ ಇವರೆಲ್ಲ ಬರೆದದ್ದನ್ನ ಅಳಿಸ್ತಾರೆ. ನಾಲ್ಕು ದಿನ ಹೀಗೇ ಇರ್ಲಿ. ಯಾರ್ಯಾರು ಬರೆದಿಲ್ಲ ಅಂತಲೂ ನೋಡ್ಬೇಕು ನನಗೆ.”

ಬಿಸಿಲು ಅಂಗಳದಿಂದ ಮೇಲೆದ್ದು ಹೆಂಚು ಹತ್ತುತ್ತಿತ್ತು. ಅಭಿಲಾಷ್ ಬೇಡಿದ, ಅತ್ತ, ಅಜ್ಜಿಯ ಕೈಯಲ್ಲಿ ಹೇಳಿಸಿದ. ತಾತ ಜಗ್ಗಲಿಲ್ಲ. ಕೊನೆಗೆ ದಾರಿ ಹೇಳಿದವಳು ಮತ್ತೆ ಶೋಭಿತಾಳೇ.

“ತಾತ, ಲೈವ್ ಅಂದ್ರೆ ಸಾವಿರಾರು ಜನ ಒಟ್ಟಿಗೆ ನೋಡೋದು. ಅದರಲ್ಲಿ ಒಂದ್ಸಲ ಹೇಳಿದ್ದನ್ನ ಯಾರೂ ಹೇಳಿಲ್ಲ ಅನ್ನೋಕಾಗಲ್ಲ. ಅಪ್ಪಯ್ಯ ಅಂಕಲ್ ಸಹ.”

ತಾತ ಕನ್ನಡಕ ತೆಗೆದರು. “ಸಿದ್ಧಾರ್ಥ, ಅಪ್ಪಯ್ಯನನ್ನ ಕರೀ. ಚೋಮಿ, ಇವರ ಆ ಪುಡಿಯಲ್ಲಿ ಕಾಫಿ ಮಾಡು.”

ಜಗಲಿಯಲ್ಲಿ ತಾತನಿಗೆ ಕುರ್ಚಿ, ಪಕ್ಕದಲ್ಲಿ ಮುಖ ಹುಳ್ಳಗೆ ಮಾಡಿಕೊಂಡ ಅಪ್ಪಯ್ಯ, ನಡುವೆ ಸ್ಟೂಲಿನ ಮೇಲೆ ಪೊಟ್ಟಣ ಮತ್ತು ಆವಿಯಾಡುವ ಕಪ್. ಸಾವಿನ ಮನೆಯೆಂದು ಬಂದ ಊರೆಲ್ಲ ಸಿನಿಮಾಕ್ಕೆ ಕೂತಂತೆ ಅಂಗಳದಲ್ಲಿ ಕೂತಿತು. ಬೈದ ಗಂಗಮ್ಮನೇ ಮುಂದಿನ ಸಾಲಿನಲ್ಲಿದ್ದರು. ಅಭಿಲಾಷ್ ಫೋನ್ ಹಿಡಿದು ಲೈವ್ ಒತ್ತಿದ. ನೋಡುವವರ ಸಂಖ್ಯೆ ಕುದಿಯುವ ಹಾಲಿನಂತೆ ಏರಿತು. ಅವನ ಪೇಜು ಹುಟ್ಟಿದ ಮೇಲೆ ಇಷ್ಟು ಜನ ಅದಕ್ಕೆ ಬಂದಿರಲಿಲ್ಲ.

“ಎಲ್ಲರಿಗೂ ನಮಸ್ಕಾರ. ನಾನು ಬೆಳ್ಳಿಯಪ್ಪ. ನಾನು ಸತ್ತಿಲ್ಲ. ಸತ್ತೆ ಅಂತ ತಿಳ್ಕೊಂಡು ಒಳ್ಳೆ ಮಾತು ಬರೆದವರಿಗೆಲ್ಲ ಉಪಕಾರ ಆಯ್ತು. ಬರೆದದ್ದನ್ನ ಅಳಿಸ್ಬೇಡಿ. ಇನ್ನು, ಪಕ್ಕದಲ್ಲಿರೋದು ಅಪ್ಪಯ್ಯ. ಇವನಿಗೆ ಒಂದು ವಿಷಯ ಹೇಳೋದುಂಟು. ಹೇಳು ಅಪ್ಪಯ್ಯ.”

ಅಪ್ಪಯ್ಯ ಅಂಗಳ ನೋಡಿದರು, ಫೋನ್ ನೋಡಿದರು. ಪಾರಾಗುವ ದಾರಿ ಇರಲಿಲ್ಲ. “ಹಲಸಿನ ಮರ ಬೆಳ್ಳಿಯಪ್ಪಂದು” ಎಂದರು, ಹಲ್ಲು ಕೀಳಿಸಿಕೊಂಡವರ ಹಾಗೆ. ಅಂಗಳದಲ್ಲಿ ಚಪ್ಪಾಳೆ ಬಿತ್ತು.

ತಾತನ ಕೆಲಸ ಮುಗಿದಿತ್ತು, ಅವರು ಏಳಲು ನೋಡಿದರು. ಅಭಿಲಾಷ್ ಫೋನಿನ ಹಿಂದಿನಿಂದ ಕಪ್ ತೋರಿಸಿ ಕಣ್ಣಲ್ಲೇ ಕೈ ಮುಗಿದ. ತಾತ ಖುಷಿಯಲ್ಲಿದ್ದರು. “ಓ, ಕಾಫಿ ಕುಡೀಬೇಕಂತೆ, ಮೊಮ್ಮಗನ ಕಂಪನಿದು” ಎಂದು ಕಪ್ ಎತ್ತಿದರು. ಹರ್ಷಿತಾಳ ಮೆಸೇಜು ಮೇಲೆ ಹಾದುಹೋಯಿತು, ‘ಸೂಪರ್! ಮೇಲ್ ಕಳಿಸ್ತಿದ್ದೀನಿ!’

ತಾತ ಒಂದು ಗುಟುಕು ಬಾಯಿಗೆ ತುಂಬಿಕೊಂಡರು. ನುಂಗಲಿಲ್ಲ. ಕೆನ್ನೆ ಆ ಕಡೆ ಈ ಕಡೆ ಆಡಿಸಿದರು. ಹುಬ್ಬು ಗಂಟಿಕ್ಕಿತು. ಎದ್ದು ಜಗಲಿಯ ಅಂಚಿಗೆ ಹೋಗಿ ಕ್ರೋಟನ್ ಗಿಡದ ಬುಡಕ್ಕೆ ಪಿಚಕ್ಕನೆ ಉಗಿದರು.

“ಇದೆಂತದೋ ಅಭಿ?”

“ಕಾ... ಕಾಫಿ ತಾತ.”

“ಕಾಫಿಯಾ? ನಾನು ಹುಟ್ಟಿ ಬೆಳೆದದ್ದು ಕಾಫಿ ಗಿಡದ ಬುಡದಲ್ಲಿ, ನನಗೆ ಹೇಳ್ತೀಯಾ ನೀನು! ಇದರಲ್ಲಿ ಅರ್ಧಕ್ಕೆ ಅರ್ಧ ಚಿಕೋರಿ. ಉಳಿದರ್ಧ ಕಣದಲ್ಲಿ ಗುಡಿಸಿ ಬಿಸಾಡೋ ಮಾಲು.” ಪೊಟ್ಟಣ ಎತ್ತಿ, ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿದರು. “ಇಕೊಳ್ಳಿ, ಇಲ್ಲೇ ಬರೆದಿದ್ದಾರೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ. ಮುಂದೆ ಮಾತ್ರ ಇಷ್ಟುದ್ದ ಗುಡ್ಡದ ಚಿತ್ರ! ನಾವು ಇಲ್ಲಿ ವರ್ಷವಿಡೀ ಬೆನ್ನು ಬಗ್ಗಿಸಿ ಬೆಳೆಯೋದು, ಇವರು ಅಲ್ಲಿ ಚಿಕೋರಿ ಬೇರು ಹುರಿದು ಕೊಡಗಿನ ಹೆಸರಲ್ಲಿ ಮಾರೋದು. ಮಧ್ಯಾಹ್ನ ನಾನು ಸತ್ತಿರಲಿಲ್ಲ. ಇದನ್ನ ಪೂರ್ತಿ ಕುಡಿದ್ರೆ ಈಗ ಸಾಯ್ತೇನೆ!”

ಅಭಿಲಾಷ್ ಲೈವ್ ನಿಲ್ಲಿಸಲು ಹೋಗಿ ಗಾಬರಿಯಲ್ಲಿ ಕ್ಯಾಮೆರಾ ತಿರುಗಿಸಿದ. ಬಾಯಿ ತೆರೆದು ಕಣ್ಣು ಬಿಟ್ಟ ಅವನದೇ ಮುಖ ಇಡೀ ಜಿಲ್ಲೆಗೆ ಕಂಡಿತು. ಆಮೇಲೆ ಬಟನ್ ಸಿಕ್ಕಿತು.

ಹರ್ಷಿತಾಳಿಂದ ಮೇಲ್ ಬಂತು. ಕಾಂಟ್ರ್ಯಾಕ್ಟ್ ಅಲ್ಲ, ಇನ್ನು ಮುಂದೆ ನಮ್ಮ ಕಂಪನಿಯ ಹೆಸರನ್ನು ಎಲ್ಲಿಯೂ ಬಳಸಬಾರದು ಎಂದು ವಕೀಲರ ಭಾಷೆಯಲ್ಲಿ ಬರೆದದ್ದು. ಅಂಗಳದಲ್ಲಿ ಮಾತ್ರ ಹಬ್ಬ. ಬೆಳೆಗಾರರೆಲ್ಲ ಎದ್ದು ಬಂದು ತಾತನ ಕೈ ಕುಲುಕಿದರು. ಅಪ್ಪಯ್ಯ ಕೂಡ “ಇದೊಂದು ಮಾತ್ರ ಸರಿಯಾಗಿ ಹೇಳಿದೆ” ಎಂದು ಬೆನ್ನು ತಟ್ಟಿದರು. ಅಜ್ಜಿ ಮನೆಯ ಪುಡಿಯಲ್ಲಿ ಎಲ್ಲರಿಗೂ ಕಾಫಿ ಮಾಡಿ ಕೊಟ್ಟರು. ಕತ್ತಲಾಗುವ ಮೊದಲು ಜನ ಒಬ್ಬೊಬ್ಬರೇ ಮನೆಗೆ ಹೋದರು.

ಅಭಿಲಾಷ್ ಕಟ್ಟೆಯ ಮೇಲೆ ಕುಪ್ಯಚೇಲೆಯಲ್ಲೇ ಕೂತಿದ್ದ. ಬಹಳ ಹೊತ್ತು ಯೋಚಿಸಿದ. ಅಳುವೂ ಬಂತು, ನಗುವೂ ಬಂತು. ಆಮೇಲೆ, ಇದೆಲ್ಲ ಸಾಕು ಎಂದು ಅವನಿಗೆ ಮನಸ್ಸಿನಿಂದಲೇ ಅನಿಸಿತು. ಹಾಜರಿ ಕೂಗಿದರೆ ಕೂಗಿದ್ದು, ಚೀಲ ತೂಗಿದರೆ ತೂಗಿದ್ದು, ತಿಂಗಳಿಗೆ ಸಂಬಳವಾದರೂ ಬರುತ್ತದೆ. ನೆಟ್‌ವರ್ಕ್ ಇಲ್ಲದ ಆ ಎಸ್ಟೇಟು ಈಗ ಅವನಿಗೆ ಸ್ವರ್ಗದಂತೆ ಕಂಡಿತು. ಮೆಲ್ಲಗೆ ತಾತನ ಹತ್ತಿರ ಹೋದ.

“ತಾತ, ಸೋಮವಾರ ಎಷ್ಟು ಹೊತ್ತಿಗೆ ಹೋಗ್ಬೇಕು ಸಿದ್ದಾಪುರಕ್ಕೆ? ನಾನು ರೈಟರ್ ಆಗ್ತೇನೆ. ಮನಸ್ಸಿಟ್ಟು ಮಾಡ್ತೇನೆ.”

ತಾತ ಫೋನಿನಿಂದ ತಲೆ ಎತ್ತಲಿಲ್ಲ. ಲೈವ್ ನೋಡಿದವರು ಬರೆದದ್ದನ್ನು ಬೆರಳಿಟ್ಟು ಓದುತ್ತಿದ್ದರು. “ಆ ಕೆಲಸವಾ? ಓನರ್‌ಗೆ ಫೋನ್ ಮಾಡಿ ಬೇಡ ಅಂದಾಯ್ತು. ಬೇರೆಯವರನ್ನ ಇಟ್ಕೊಂಡ್ರಂತೆ.”

“ಬೇಡ ಅಂದ್ರಾ! ಯಾಕೆ ತಾತ?”

“ಯಾಕೆ ಅಂದ್ರೆ? ನೀನು ಅಲ್ಲಿಗೆ ಹೋದ್ರೆ ನನ್ನ ವಿಡಿಯೋ ಹಿಡಿಯೋದು ಯಾರು? ಇಲ್ಲಿ ನೋಡು, ಬೇರೆ ಕಂಪನಿಗಳದ್ದೂ ಕುಡಿದು ಹೇಳಿ ತಾತ ಅಂತ ಎಷ್ಟು ಜನ ಕೇಳಿದ್ದಾರೆ! ಪೇಟೆಯಲ್ಲಿ ಎಷ್ಟು ನಮೂನೆ ಕಾಫಿಪುಡಿ ಉಂಟೋ ಎಲ್ಲದರದ್ದೂ ಒಂದೊಂದು ಪೊಟ್ಟಣ ತರೋಕೆ ಸಿದ್ಧಾರ್ಥನಿಗೆ ಹೇಳಿದ್ದೇನೆ. ಒಬ್ಬರನ್ನೂ ಬಿಡೋದು ಬೇಡ.” ತಾತ ಮೊಮ್ಮಗನ ಬೆನ್ನು ತಟ್ಟಿದರು. “ಬೇಗ ಊಟ ಮಾಡಿ ಮಲ್ಕೋ ಮೋನೆ, ಬೆಳಗ್ಗೆಯಿಂದ ಶುರು ಮಾಡುವ.”